ತೃಪ್ತಿಯಾಗದ ಲೇತು

ಕಬ್ಬಿಣ ಕಡೆಯುವ ಕಾಲ್ತುಳಿ ಲೇತೊಂದು ಹರಾಜಿಗಿದೆಯೆಂದು ಕೋಲಾರದ ಸರ್ಕಾರಿ ಹಳೇ ಯಂತ್ರಗಳ ಉಗ್ರಾಣವು ೧೯೪೧ನೇ ಇಸವಿಯ ಜೂನ್ ತಿಂಗಳಲ್ಲಿ ಪ್ರಕಟಿಸಿತು. ಪ್ರಕಟಣೆಯ ನಾಲ್ಕನೇ ಕಲಮು ಹೀಗಿತ್ತು: "ಕೊಳ್ಳುವವರು ಯಂತ್ರವನ್ನು ಮನಸ್ಸಿಗೆ ತೃಪ್ತಿಯಾಗುವವರೆಗೆ ಪರಿಶೀಲಿಸತಕ್ಕದ್ದು. ಒಬ್ಬರು ತೃಪ್ತಿಯ ರುಜು ಹಾಕದೆ ಇನ್ನೊಬ್ಬರು ಆರಂಭಿಸತಕ್ಕದ್ದಲ್ಲ. ಅಲ್ಲಿಯವರೆಗೆ ಹರಾಜು ನಡೆಯತಕ್ಕದ್ದಲ್ಲ." ದೂರದ ರಂಗೂನಿನ ದೊಡ್ಡ ಹರಾಜುಕಟ್ಟೆಗಳಲ್ಲೂ ಗಿರಾಕಿಯ ತೃಪ್ತಿಗೆ ಇಷ್ಟು ಮರ್ಯಾದೆ ಇರಲಿಲ್ಲ.

ಮೊದಲು ಬಂದವಳು ಮಾಲೂರಿನ ಆದಿಲಕ್ಷ್ಮಿ. ಗಂಡ ತೀರಿಕೊಂಡ ಮೇಲೆ ಮೈದುನ ಅವರ ಅಂಗಡಿಯ ಲೇತನ್ನು ಗಾಡಿಗೇರಿಸಿಕೊಂಡು ಹೋಗಿದ್ದ. ಅಂಗಡಿಯಲ್ಲಿ ಉಳಿದದ್ದು ಬೋರ್ಡು ಮತ್ತು ಅವಳ ಕೈಚಳಕ. ಅವಳ ಹಿಂದೆ ನಿಂತಿದ್ದವನು ಮುಳಬಾಗಿಲಿನ ಗುಜರಿ ವ್ಯಾಪಾರಿ ದೊಡ್ಡವೆಂಕಟಪ್ಪ. ಅವನು ಕೂಗುವ ಬೆಲೆ ಅವಳ ಕೈಗೆಟುಕದೆಂಬುದು ಇಬ್ಬರಿಗೂ ಗೊತ್ತಿತ್ತು.

ಆದಿಲಕ್ಷ್ಮಿ ಬಣ್ಣ ನೋಡಲಿಲ್ಲ. ಲೇತಿನ ಹಾಸಿನ ಮೇಲೆ ಉಗುರೆಳೆದಳು, ತಿರುಗುವ ತಲೆಯನ್ನು ಹಿಡಿದು ಅಲ್ಲಾಡಿಸಿದಳು, ಸರಳೊಂದನ್ನು ಕಡೆದು ಎರಡೂ ತುದಿ ಅಳೆದಳು. ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪವಿತ್ತು.

"ಚಿಕ್ಕದರಲ್ಲಿ ಗೊತ್ತಾಗಲ್ಲ ಸ್ವಾಮಿ, ಉದ್ದದ ಸರಳೊಂದು ಬೇಕು."

ಇದಕ್ಕೆ ಅನುದಾನವಿರಲಿಲ್ಲ. ಉಗ್ರಾಣಾಧಿಕಾರಿ ಕೋದಂಡರಾಮಪ್ಪನವರು ಸರ್ಕಾರದ ಹಿತದೃಷ್ಟಿಯಿಂದ ತಮ್ಮ ಜಟಕಾದ ಸವೆದ ಅಚ್ಚನ್ನೇ ಒದಗಿಸಿದರು. ಅದು ನುಣ್ಣಗಾಗಿ ಮನೆಗೆ ಮರಳಿತು. ಮರುದಿನ ಗುಮಾಸ್ತ ಶ್ರೀರಾಮಪ್ಪ ಬಾವಿ ರಾಟೆಯ ಗೂಟ ತಂದ. ವಾರದೊಳಗೆ ಕಚೇರಿಯವರೆಲ್ಲ ಸರ್ಕಾರದ ಹಿತವನ್ನು ಗೋಣಿಚೀಲಗಳಲ್ಲಿ ಹೊತ್ತು ತರತೊಡಗಿದರು. ಆದಿಲಕ್ಷ್ಮಿಯೂ ಹೊರಗಿನವರ ತುಂಡುಗಳನ್ನು ತರಬಹುದೆಂದೂ, ಅವಕ್ಕೆ ಕೂಲಿ ಪಡೆಯುವುದು ಪರಿಶೀಲನೆಗೆ ಅಡ್ಡಿಯಲ್ಲವೆಂದೂ ಟಿಪ್ಪಣಿಯಾಯಿತು. ಮಾಲೂರಿನ ಬೋರ್ಡು ಉಗ್ರಾಣದ ಬಾಗಿಲಿಗೆ ಬಂತು.

ಎರಡು ವರ್ಷ ಕಳೆಯಿತು. ದೊಡ್ಡವೆಂಕಟಪ್ಪ ಪ್ರತಿ ಸೋಮವಾರ ಬಂದು ಹೋಗುತ್ತಿದ್ದವನು ಕೊನೆಗೆ ಬಾಯಿಬಿಟ್ಟ.

"ಏನಮ್ಮಾ, ಒಂದು ಲೇತು ನೋಡೋಕೆ ಇಷ್ಟು ದಿನ ಬೇಕಾ?"

"ನೀವು ಒಡೆದು ಮಾರೋರು, ತೂಕ ನೋಡಿದ್ರೆ ಸಾಕು. ನಾನು ಇದರ ಜೊತೆ ಸಂಸಾರ ಮಾಡ್ಬೇಕು."

ಅವನು ಅಧಿಕಾರಿಗಳಿಗೆ ದೂರಿತ್ತ. ಕೋದಂಡರಾಮಪ್ಪನವರು ನಿಯಮದಂತೆ ಅವಳನ್ನು ಕರೆಸಿ, ತೃಪ್ತಿಯಾಯಿತೇ ಎಂದು ವಿಚಾರಿಸಿದರು. ಆ ಹೊತ್ತಿನಲ್ಲಿ ಲೇತಿನ ಮೇಲಿದ್ದುದು ಅವರ ಬೀಗರ ಆಲೆಮನೆಯ ಸರಳು.

"ಇನ್ನೂ ಸ್ವಲ್ಪ ಅನುಮಾನ ಇದೆ ಸ್ವಾಮಿ."

"ಸರ್ಕಾರ ಯಾರ ಅನುಮಾನವನ್ನೂ ಬಲವಂತದಿಂದ ಕಳೆಯೋದಿಲ್ಲ" ಎಂದು ಕೋದಂಡರಾಮಪ್ಪನವರು ಕಡತ ಮುಚ್ಚಿದರು.

ದೊಡ್ಡವೆಂಕಟಪ್ಪ ಜಗಲಿಯ ಮೇಲೆ ಕೂತು ಒಂದು ಬೀಡಿ ಮುಗಿಸಿದ. ಆಮೇಲೆ ಎದ್ದು, ಮುಳಬಾಗಿಲಿಗೂ ಕೋಲಾರಕ್ಕೂ ಎರಡು ವರ್ಷ ಓಡಾಡಿ ಸವೆದಿದ್ದ ತನ್ನ ಗಾಡಿಯ ಅಚ್ಚನ್ನು ಬಿಚ್ಚಿ ತಂದು ಅವಳ ಮುಂದಿಟ್ಟ.

"ಇದನ್ನೂ ಒಸಿ ಅನುಮಾನಿಸಿ ಕೊಡು ತಾಯಿ."

ಶ್ರೀನಿವಾಸಪುರದವರ ಗಾಣದ ಅನುಮಾನ ಸಾಲಿನಲ್ಲಿ ಮುಂದಿದೆ, ಗುರುವಾರ ಬನ್ನಿ ಎಂದಳು ಆದಿಲಕ್ಷ್ಮಿ.