ಕುಂಟ ಬಾತುಕೋಳಿಯಲ್ಲಿ ಸಂಧಾನ

ಹೆಂಡತಿಗೂ ಅತ್ತೆಗೂ ಮಾತು ನಿಂತರೆ ಗಂಡನಿಗೆ ಸುಖವೆಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಇಬ್ಬರ ಪಾಲಿನ ಮಾತನ್ನೂ ಅವನೊಬ್ಬನೇ ಕೇಳಬೇಕು. ಕ್ರಿಸ್‌ಮಸ್ ದಿನ ನನ್ನಾಕೆ ರೋಸ್ಲಿನ್ ಮಾಡಿದ ಗ್ರೇವಿಯನ್ನು ಅವಳಮ್ಮ, ಅಂದರೆ ನನ್ನತ್ತೆ ಐವಿ, ಚಮಚದಲ್ಲಿ ಎತ್ತಿ ನೋಡಿ, "ಇದನ್ನ ಗೋಡೆಗೆ ಬಳೀಬಹುದು" ಅಂದಿದ್ದರು. ಈಸ್ಟರ್ ಬಂದರೂ ಮುನಿಸು ಕರಗಿರಲಿಲ್ಲ. (ಗ್ರೇವಿಯೂ ಕರಗಿರಲಿಲ್ಲ, ಅದು ಬೇರೆ ವಿಷಯ.)

ಆಗ ನನಗೆ ಜ್ಞಾನೋದಯವಾಯಿತು. ಇಬ್ಬರನ್ನೂ ಭಾನುವಾರದ ಊಟಕ್ಕೆ ನಮ್ಮ ಹಳ್ಳಿಯ ಪಬ್ಬು 'ಕುಂಟ ಬಾತುಕೋಳಿ'ಗೆ ಕರೆದೊಯ್ಯುವುದು. ಅಲ್ಲಿ ಅಡುಗೆ ಬೇರೆಯವರದು, ಊರವರೆದುರು ಜಗಳವಾಡುವಂತೆಯೂ ಇಲ್ಲ. ಒಂದೊಂದು ತಟ್ಟೆ ಹುರಿದ ಬೀಫ್ ಹೊಟ್ಟೆಗಿಳಿದರೆ ಸಂಧಾನ ತಾನಾಗಿ ಆದೀತು.

ಬೆಂಕಿಗೂಡಿನ ಪಕ್ಕದ ಮೇಜು ಸಿಕ್ಕಿತು. ಯಾರದೋ ನಾಯಿ ಬಂದು ಅತ್ತೆಯ ಬೂಟಿನ ಮೇಲೆ ಗಲ್ಲವಿಟ್ಟು ಮಲಗಿತು.

"ಮಳೆ ಬರೋ ಹಾಗಿದೆ ಅಂತ ನಿಮ್ಮತ್ತೆಗೆ ಹೇಳ್ರಿ," ಎಂದಳು ರೋಸ್ಲಿನ್.

"ನಂಗೂ ಕಣ್ಣಿದೆ ಅಂತ ನಿನ್ನ ಹೆಂಡ್ತಿಗೆ ಹೇಳಪ್ಪ ಸಿರಿಲ್," ಎಂದರು ಅತ್ತೆ.

ನಾನು ಊಟ ಹೇಳಿಬರಲು ಎದ್ದೆ. ಕೌಂಟರಿನ ಮುಂದೆ ಮೂವರು ಮುದುಕರು ಗ್ಲಾಸು ಹಿಡಿದು ನಿಂತಿದ್ದರು. ಅವರ ಹಿಂದೆ ನಿಂತೆ. ನಮ್ಮಲ್ಲಿ ಸರತಿ ಮುರಿದವನನ್ನು ಯಾರೂ ಬೈಯುವುದಿಲ್ಲ, ಹಿಂದಿನಿಂದ ಮೆಲ್ಲಗೆ ಕೆಮ್ಮುತ್ತಾರೆ. ಆ ಕೆಮ್ಮು ಕೇಳುವುದಕ್ಕಿಂತ ಉಪವಾಸವೇ ಲೇಸು. ನನ್ನ ಬೆನ್ನಿಗೆ ಒಬ್ಬಾತ ಬಂದು ನಿಂತ. ಅವನ ಹಿಂದೆ ಒಂದು ಸಂಸಾರ, ಆಮೇಲೆ ಪಾದ್ರಿಗಳು. ಸರತಿ ಬಾಗಿಲು ದಾಟಿತು, ಮುಂದಕ್ಕೆ ಮಾತ್ರ ಒಂದಿಂಚೂ ಸರಿಯಲಿಲ್ಲ. ಕೆಲವು ಸಂಸ್ಕಾರಹೀನರು ಪಕ್ಕದಿಂದ ಬಂದು ಊಟ ಹೇಳಿ ಹೋಗುತ್ತಿದ್ದರು. ಅವರ ಮೇಲೆ ನಾನೊಂದು ಖಂಡನಾ ದೃಷ್ಟಿ ಬೀರಿದೆ.

ಕೊನೆಗೆ ಮುದುಕರಲ್ಲೊಬ್ಬ ತಿರುಗಿದ.

"ನಮ್ಮ ಹಿಂದೆ ಯಾಕಪ್ಪ ನಿಂತಿದ್ದೀಯ? ನಾವು ಸರತೀಲಿಲ್ಲ. ಇದು ನಾವು ದಿನಾ ನಿಲ್ಲೋ ಜಾಗ."

"ಮೊದಲೇ ಹೇಳಬಾರದಿತ್ತಾ?"

"ಪರಿಚಯ ಇಲ್ದೆ ಹೆಂಗೆ ಮಾತಾಡೋದು ಅಂತ ಸುಮ್ನಿದ್ವಿ."

ಅಷ್ಟರಲ್ಲಿ ಪಬ್ಬಿನ ಒಡತಿ ಡಾಟ್ ಅಡುಗೆಮನೆಯ ಬಾಗಿಲೆಳೆದಳು. "ಬೀಫ್ ಮುಗೀತು ಕಣಪ್ಪ. ಆಲೂ ಚಿಪ್ಸ್ ಇದೆ, ಕೊಡ್ಲಾ?"

ನನ್ನ ಹಿಂದಿನ ಸರತಿಯೆಲ್ಲ ಒಟ್ಟಿಗೆ ಕೆಮ್ಮಿತು. ಪಾದ್ರಿಗಳ ಕೆಮ್ಮೇ ಎಲ್ಲಕ್ಕಿಂತ ಜೋರಾಗಿತ್ತು.

ಮೂರು ಪೊಟ್ಟಣ ಹಿಡಿದು, ನನ್ನ ಸಂಧಾನದ ಕಥೆ ಮುಗಿಯಿತೆಂದುಕೊಂಡು ಮೇಜಿಗೆ ಮರಳಿದೆ. ಅಮ್ಮ ಮಗಳು ತಲೆಗೆ ತಲೆ ತಾಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದಾರೆಂದುಕೊಂಡೆ. ಹತ್ತಿರ ಹೋದರೆ, ನಗು.

"ಮದುವೆ ದಿನಾನೂ ಹಿಂಗೇ ಅಲ್ವೇನಮ್ಮ? ಚರ್ಚ್ ಬಾಗಿಲಲ್ಲಿ 'ನೀವು ಮೊದಲು, ನೀವು ಮೊದಲು' ಅಂತ ನೆಂಟರನ್ನೆಲ್ಲ ಒಳಗೆ ಬಿಟ್ಟು, ಮದುಮಗನೇ ಕೊನೇಲಿ ಬಂದ."

"ಇವನು ಬೇಡ ಕಣೇ ಅಂತ ಅವತ್ತೇ ಹೇಳಿದ್ನಲ್ಲ."

"ಹೇಳಿದ್ದೆ ಅಮ್ಮ. ನೀನು ಹೇಳಿದ್ದೇ ಸರಿ."

ಅತ್ತೆಯ ಕೈ ನನ್ನಾಕೆಯ ಕೈಯ ಮೇಲಿತ್ತು. ಹಸಿವಾಗಿತ್ತು, ಅವಮಾನವಾಗಿತ್ತು, ಆದರೂ ಸುಳ್ಳೇಕೆ, ನನಗೆ ತುಂಬಾ ಸಂತೋಷವಾಯಿತು.

"ಮುಂದಿನ ಭಾನುವಾರ ಊಟಕ್ಕೆ ನಮ್ಮನೆಗೇ ಬಂದ್ಬಿಡು," ಎಂದರು ಅತ್ತೆ.

"ಇವರು?"

ಅತ್ತೆ ಚಿಪ್ಸ್ ಪೊಟ್ಟಣ ಹರಿಯುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕರ್ಕೊಂಡು ಬಾ. ಇವನಿಲ್ದೆ ನಾವು ಮಾತಾಡೋದಾದ್ರೂ ಯಾರ ಬಗ್ಗೆ?"