ಮಾವನ ಮೀಟರಿನ ಮುಳ್ಳು

ಈ ಲೋಕದಲ್ಲಿ ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ನಂಬುವುದು ಒಂದೇ ಒಂದು ವಸ್ತುವನ್ನು. ಅದೊಂದು ಬೆರಳುದ್ದದ ಕೆಂಪು ಮುಳ್ಳು. ಆ ಮುಳ್ಳು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಿತ್ತೆಂದರೆ, ಪಂಚಾಯ್ತಿ ಚುನಾವಣೆಗೆ ನಿಲ್ಲಿಸಿದ್ದರೆ ಅವಿರೋಧವಾಗಿ ಗೆದ್ದುಬರುತ್ತಿತ್ತು!

ಮುಳ್ಳಿರುವುದು ಮಾವನ ಕಾರಿನಲ್ಲಿ. ಕಾರೆಂದರೆ ಈಗಿನ ಕಾರಲ್ಲ. ನನ್ನ ಗಂಡನಿಗಿಂತ ವಯಸ್ಸಿನಲ್ಲಿ ದೊಡ್ಡದು. ಮನೆಯಲ್ಲಿ ಅದಕ್ಕಿರುವ ಮರ್ಯಾದೆ ನಮ್ಮಿಬ್ಬರಿಗೂ ಸಿಕ್ಕಿಲ್ಲ. ಸ್ಟಿಯರಿಂಗಿನ ಕತ್ತಿಗೇ ಅಂಟಿದ ಗೇರು, ಸೋಫಾದಂಥ ಮುಂದಿನ ಸೀಟು, ಮಾವನ ಸೊಂಟನೋವಿಗೆಂದು ಆ ಸೀಟಿನ ಮೇಲೆ ಮಡಿಸಿ ಹಾಸಿದ ಹಳೆಯ ಹಾಸಿಗೆ. ಪ್ರತಿ ಆಯುಧಪೂಜೆಗೆ ಜನ ಗಾಡಿ ತೊಳೆದು ಕುಂಕುಮ ಇಡುತ್ತಾರಲ್ಲ, ನಮ್ಮ ಮಾವ ಅದಕ್ಕೆ ಒಂದು ಕೋಟ್ ಪೇಂಟ್ ಹೊಡೆಯುತ್ತಾರೆ. ಹೊರಗೆ, ಒಳಗೆ, ಡ್ಯಾಶ್‌ಬೋರ್ಡಿನ ಅಡಿಗೆ ಕೂಡ! ಮೂವತ್ತು ವರ್ಷದ ಪೇಂಟಿನಿಂದ ಕಾರು ಈಗ ಕಂಪನಿಯಿಂದ ಬಂದಾಗಿನದಕ್ಕಿಂತ ದಪ್ಪಗಿದೆ.

ಮಾವನ ಕಿವಿ ನಮ್ಮ ಹೆತ್ತೂರು ಸೀಮೆಯಲ್ಲೆಲ್ಲ ಹೆಸರುವಾಸಿ. ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತು, ಮೂರು ತಿರುವು ಕೆಳಗೆ ಹತ್ತುತ್ತಿರುವ ಜೀಪು ಯಾರದು, ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದವರು. ನಾನು ಮದುವೆಯಾಗಿ ಬಂದ ದಿನ, ಹೊಸ ಸೊಸೆ ಎಂದು ಕಾಲಿಗೆ ನಮಸ್ಕಾರ ಮಾಡಿದರೆ, ಮಾವ ಕೊಟ್ಟ ಆಶೀರ್ವಾದ ಏನು ಗೊತ್ತೇ? "ನಿಮ್ಮಪ್ಪನ್ ಗಾಡಿ ಫ್ಯಾನ್ ಬೆಲ್ಟು ಇನ್ನೊಂದು ವಾರ ಬಂದ್ರೆ ಹೆಚ್ಚು ಕಣವ್ವ!" ಆರನೆಯ ದಿನಕ್ಕೆ ಅದು ಹರಿಯಿತು.

ಅಂಥವರು ಕಳೆದ ವರ್ಷದಿಂದ ಗಾಡಿ ಓಡಿಸುವ ರೀತಿಯೇ ಕೆಟ್ಟಿತು. ಫಸ್ಟ್ ಗೇರು ಹಾಕಿದರೆ ಅದನ್ನು ಬದಲಾಯಿಸುವ ಮಾತೇ ಇಲ್ಲ. ಎಂಜಿನ್ ಕಿರುಚಿಕೊಳ್ಳುತ್ತಿದ್ದರೆ ತೋಟದ ಆಳುಗಳು ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಎರಡು ಸಲ ರೇಡಿಯೇಟರ್ ಕುದಿದು ದಾರಿಯಲ್ಲೇ ನಿಂತೆವು. ಇದಕ್ಕೆಲ್ಲ ಕಳಶವಿಟ್ಟಂತೆ, ಆಲೂರಿನಲ್ಲಿ ಒಂದು ಮದುವೆ ಮುಗಿಸಿ ಹೊರಟಾಗ, ಎಂಜಿನ್ ಆಗಲೇ ಓಡುತ್ತಿದೆ, ಇವರು ಮತ್ತೆ ಕೀ ತಿರುಗಿಸಿ ಸೆಲ್ಫ್ ಹೊಡೆದರು. ಕರ್ರ್ರ್ರ್! ಹಲ್ಲಿಗೆ ಹಲ್ಲು ತಿಕ್ಕಿದ ಆ ಸದ್ದಿಗೆ ಛತ್ರದ ಮುಂದಿದ್ದವರೆಲ್ಲ ತಿರುಗಿ ನೋಡಿದರು. "ಸೆಲ್ಫ್ ಮೋಟ್ರು ಚೆಕ್ ಮಾಡ್ದೆ" ಎಂದರು ಮಾವ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಮನೆಗೆ ಬಂದಮೇಲೆ ನಮ್ಮತ್ತೆ ಎದುರಿಗೆ ನಿಂತು, ಊರಿಗೇ ಕೇಳುವಂತೆ ತೀರ್ಪು ಕೊಟ್ಟರು.

"ನೋಡ್ರಿ, ವಯಸ್ಸಾಯ್ತಾ ಆಯ್ತಾ ನಿಮಗೆ ಪೊಗರು ಜಾಸ್ತಿ ಆಗ್ತೈತೆ. ವನಗೂರಲ್ಲಿ ನಿಮ್ಮ ತಂಗಿ ಮನೆ ಗೃಹಪ್ರವೇಶ ಐತಲ್ಲ, ಅಲ್ಲಿಗೆ ನೆಟ್ಟಗೆ ಓಡಿಸ್ಕೊಂಡು ಹೋಗ್ಬೇಕು. ಇನ್ನೊಂದ್ಸಲ ಗಾಡಿ ಕುದಿದ್ರೆ ಕೀ ನನ್ ಅಕ್ಕಿ ಡಬ್ಬಕ್ಕೆ!"

ಅತ್ತೆಯ ಅಕ್ಕಿ ಡಬ್ಬ ಸೇರಿದ್ದು ಹೊರಗೆ ಬರುವುದಿಲ್ಲ. ನನ್ನ ಗಂಡ ಹೈಸ್ಕೂಲಿನಲ್ಲಿದ್ದಾಗಿನ ಕೇರಂ ಸ್ಟ್ರೈಕರ್ ಇನ್ನೂ ಅಲ್ಲೇ ಇದೆ. ಮಾವನ ಮುಖ ಬಿಳುಚಿಕೊಂಡಿತು.

"ಗಾಡಿಗೆ ಆರ್‌ಪಿಎಂ ಮೀಟ್ರಿಲ್ಲ ಕಣೇ. ಎಂಜಿನ್ ಎಷ್ಟು ಸುತ್ತು ತಿರುಗ್ತೈತೆ ಅಂತ ಕಣ್ಣಿಗೆ ಕಂಡ್ರೆ ನಾನ್ಯಾಕೆ ಕುದಿಸ್ಲಿ?"

"ನನ್ ಕಿವೀನೇ ಮೀಟ್ರು ಅಂತಿದ್ರಲ್ಲ ಮಾವ?" ಎಂದೆ ನಾನು, ಸುಮ್ಮನಿರಲಾರದೆ. ಮಾವ ಕಾರಿನ ಶೆಡ್ಡಿನ ಕಡೆ ನಡೆದರು.

ಗೃಹಪ್ರವೇಶಕ್ಕೆ ಹತ್ತು ದಿನವಿರುವಾಗ ಕೊರಿಯರ್‌ನಲ್ಲಿ ಮೀಟರ್ ಬಂತು. ದುಂಡಗೆ, ಕಪ್ಪಗೆ, ನಿಪ್ಪಟ್ಟಿನಷ್ಟಗಲ. ಹಿಂದೆ ನಾಲ್ಕು ವೈರು, ಜೊತೆಗೆ ನಾಲ್ಕು, ಆರು, ಎಂಟು ಎಂದು ಬರೆದಿದ್ದ ಒಂದು ಪುಟ್ಟ ಸ್ವಿಚ್ಚು. ಎಂಜಿನ್ನಿಗೆ ಎಷ್ಟು ಸಿಲಿಂಡರ್ ಇದೆಯೋ ಅಷ್ಟಕ್ಕೆ ಇಡಬೇಕು. ಮಾವ ಎಂಟಕ್ಕೆ ಇಟ್ಟರು.

"ನಮ್ಮ ಗಾಡಿಗೆ ಇರೋದು ನಾಲ್ಕೇ ಅಲ್ವಾ ಮಾವ?"

"ಇರ್ಲಿ ಬುಡವ್ವ, ದೊಡ್ಡದೇ ಇರ್ಲಿ."

ಬೆಳೆಯುವ ಮಗುವಿಗೆ ಅಂಗಿ ಹೊಲಿಸುತ್ತಿದ್ದಾರೇನೋ! ಎಂಟಕ್ಕಿಟ್ಟರೆ ಮುಳ್ಳು ತೋರಿಸುವುದು ಅರ್ಧ ಲೆಕ್ಕ. ಅದನ್ನು ನಂಬಿ ಓಡಿಸಿದರೆ ಗಾಡಿ ಇನ್ನೂ ಬೇಗ ಕುದಿಯುತ್ತದೆ. ಅವರು ಕೈ ತೊಳೆಯಲು ಹೋದಾಗ ನಾನೇ ನಾಲ್ಕಕ್ಕೆ ತಿರುಗಿಸಿದೆ.

ಸಕಲೇಶಪುರದಿಂದ ಆಟೋ ಎಲೆಕ್ಟ್ರಿಷಿಯನ್ ರಫೀಕಣ್ಣ ಬಂದರು. ಕೆಂಪು ವೈರನ್ನು ಕೀ ಹತ್ತಿರ, ಹಸಿರನ್ನು ಇಗ್ನಿಷನ್ ಕಾಯಿಲಿಗೆ, ಬಿಳಿಯದನ್ನು ಲೈಟಿಗೆ, ಕಪ್ಪನ್ನು ಅರ್ತಿಂಗಿಗೆಂದು ಡ್ಯಾಶ್‌ಬೋರ್ಡಿನ ಅಡಿಯ ಒಂದು ಸ್ಕ್ರೂಗೆ ಕೊಟ್ಟರು. ಗಾಡಿ ಸ್ಟಾರ್ಟ್ ಮಾಡಿದರೆ ಮುಳ್ಳು ಒಮ್ಮೆ ಮಲಗುತ್ತದೆ, ಒಮ್ಮೆ ಏಳುತ್ತದೆ. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಕುಣಿಯುತ್ತದೆ. ಹಾರ್ನ್ ಹೊಡೆದರಂತೂ ಬೆಚ್ಚಿಬಿದ್ದು ನೇರ ಎಂಟು ಸಾವಿರ!

"ಅರ್ತಿಂಗ್ ಸಿಗ್ತಿಲ್ಲ ಸಾರ್" ಎಂದು ಗ್ಯಾರೇಜಿನ ಅಭ್ಯಾಸಕ್ಕೆ ಕಿರುಚಿದರು ರಫೀಕಣ್ಣ. "ಸ್ಕ್ರೂ ಕೂತಿರೋದು ಪೇಂಟ್ ಮೇಲೆ, ಪೇಂಟಲ್ಲಿ ಕರೆಂಟ್ ಹರಿಯಲ್ಲ. ಇಲ್ಲೊಂಚೂರು ಕೆರ್ದು ತಗಡು ಕಾಣೋ ಹಂಗೆ ಮಾಡ್ಬುಟ್ರೆ ಮುಗೀತು."

"ಏನಂದೆ? ನನ್ ಗಾಡಿ ಮೈ ಕೆರೀತೀಯಾ?"

"ಒಂದ್ರೂಪಾಯಿ ನಾಣ್ಯದಷ್ಟು ಸಾರ್!"

"ನಿನ್ ಬೆನ್ನಲ್ಲಿ ನಾಣ್ಯದಷ್ಟು ಕೆರೀಲಾ?"

ರಫೀಕಣ್ಣ ಸ್ಪ್ಯಾನರುಗಳನ್ನು ಬ್ಯಾಗಿಗೆ ತುಂಬಿಕೊಂಡರು. ಗೇಟಿನವರೆಗೆ ಬಿಡಲು ಹೋದ ನನಗೆ, "ಅಕ್ಕ, ನೀವು ಬಿಎಸ್ಸಿ ಓದಿದೀರಲ್ಲ, ನೀವೇ ನೋಡ್ಕಳಿ" ಎಂದು ಆ ಗಾಡಿಯನ್ನು ನನ್ನ ಕೊರಳಿಗೆ ಕಟ್ಟಿ ಹೋದರು. ಫಿಸಿಕ್ಸ್ ಓದಿದ್ದಕ್ಕೆ ಇಂಥ ಶಿಕ್ಷೆ ಇರುತ್ತದೆಂದು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಆಮೇಲಿನ ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಕೂತು ಉಂಡಿಲ್ಲ. ಮಾವ ತಟ್ಟೆ ಹಿಡಿದುಕೊಂಡೇ ಶೆಡ್ಡಿಗೆ ಹೋಗುವರು, ಒಂದು ತುತ್ತು, ಒಂದು ಸ್ಕ್ರೂ. ನಾನು ಒಗ್ಗರಣೆಗೆ ಸಾಸಿವೆ ಹಾಕಿರುತ್ತೇನೆ, "ಅವ್ವಾ, ಹಸಿರು ವೈರು!" ಎಂದು ಕೂಗುವರು. ಪೇಂಟ್ ಕೆರೆಯುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆವು. ಕಪ್ಪು ವೈರು ಬಾಗಿಲಿನ ಹಿಂಜಿಗೆ ಹೋಯಿತು, ಅಲ್ಲೂ ಪೇಂಟು. ಸೀಟಿನ ಬೋಲ್ಟಿಗೆ ಹೋಯಿತು, ಅಲ್ಲೂ ಪೇಂಟು. ಮಾವನ ಭಕ್ತಿ ತಲುಪದ ಜಾಗವೇ ಆ ಗಾಡಿಯಲ್ಲಿ ಇರಲಿಲ್ಲ. "ಇನ್ನು ಮೂರು ದಿನ" ಎಂದು ಅತ್ತೆ ಅಡುಗೆಮನೆಯಿಂದಲೇ ಎಣಿಸುತ್ತಿದ್ದರು.

ಗೃಹಪ್ರವೇಶದ ಹಿಂದಿನ ಬೆಳಿಗ್ಗೆ. ಬಾನೆಟ್ ಎತ್ತಿ, ಕಾಯಿಲಿನ ಹಸಿರು ವೈರು ಬಿಗಿಮಾಡಿ, ಸೆಲ್ಫ್ ಹೊಡೆಯಿರಿ ಎಂದು ಒಳಗೆ ಕೂತಿದ್ದ ಮಾವನಿಗೆ ಕೈ ಸನ್ನೆ ಮಾಡಿದೆ. ಒಂದೇ ಏಟಿಗೆ ಎಂಜಿನ್ ಎದ್ದಿತು. ಮಡ್‌ಗಾರ್ಡಿನ ಮೇಲೆ ತಟ್ಟೆಯಲ್ಲಿಟ್ಟಿದ್ದ ವಾಷರುಗಳು ಕುಣಿದವು, ಶೆಡ್ಡಿನಲ್ಲಿದ್ದ ಕೋಳಿಗಳು ಓಡಿದವು. ಆಗ, ಕರ್ರ್ರ್ರ್! ಮತ್ತೆ, ಕರ್ರ್ರ್ರ್ರ್!

ಕಾರಿನ ಬಾಗಿಲ ಹತ್ತಿರ ಓಡಿದೆ. ಕಪ್ಪು ವೈರು ಕಳಚಿ ನೇತಾಡುತ್ತಿತ್ತು, ಮುಳ್ಳು ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು. ಮಾವ ಆ ಮುಳ್ಳನ್ನೇ ದಿಟ್ಟಿಸುತ್ತ ಕೀ ತಿರುಗಿಸುತ್ತಿದ್ದರು.

"ಸ್ಟಾರ್ಟೇ ಆಗ್ತಿಲ್ಲ ಕಣವ್ವ. ಬ್ಯಾಟ್ರಿ ಇಳಿದೈತೆ ಅಂತ ಕಾಣ್ತೈತೆ."

ಎಂಜಿನ್ ನಮ್ಮಿಬ್ಬರ ಮುಂದೆ ಗುಡುಗುಡು ಎನ್ನುತ್ತಿತ್ತು. ಆ ದಪ್ಪ ಹಾಸಿಗೆಯ ಮೇಲೆ ಕೂತವರಿಗೆ ಅದರ ನಡುಕವೂ ತಾಗಿರಲಿಲ್ಲ. ನಾನು ಅವರನ್ನು ಇಳಿಸಿ, ಕೈ ಹಿಡಿದು ಮಡ್‌ಗಾರ್ಡಿನ ಮೇಲಿಟ್ಟೆ. ಅಂಗೈಗೆ ನಡುಕ ತಾಗಿದ್ದೇ ಮಾವ ನನ್ನ ಮುಖ ನೋಡಿದರು. ಆಲೂರಿನ ಛತ್ರದ ಮುಂದೆ ನಾನು ನಕ್ಕಿದ್ದು ನೆನಪಾಗಿ, ಭೂಮಿ ಬಾಯಿಬಿಡಬಾರದೇ ಎನಿಸಿತು. ಎಂಜಿನ್ ಓಡುತ್ತಿರುವುದೂ, ಕಿರುಚುವುದೂ ಇವರಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಮೀಟರು!

"ಯಾವಾಗಿಂದ ಮಾವ?" ಎಂದು ಕಿವಿಯ ಹತ್ತಿರ ಬಗ್ಗಿ ಕೇಳಿದೆ.

"ಹೋದ್ ಕೊಯ್ಲಿಂದ. ನಿಮ್ಮತ್ತೆಗೆ ಹೇಳ್ಬ್ಯಾಡ ಕಣವ್ವ. ಗೊತ್ತಾದ್ರೆ ಕೀ ಹೋಗ್ಬುಡ್ತದೆ." ಜೇಬಿನಿಂದ ಚೂರಿ ತೆಗೆದು ನನ್ನ ಕೈಗಿಟ್ಟರು. "ಕೆರಿ."

ಡ್ಯಾಶ್‌ಬೋರ್ಡಿನ ಅಡಿಯ ಆ ಸ್ಕ್ರೂ ಸುತ್ತ ಕೆರೆದೆ. ಹೊಸ ನೀಲಿ ಹೋಯಿತು, ಅದರಡಿ ಕೆನೆ ಬಣ್ಣ, ಅದರಡಿ ಹಸಿರು, ಮತ್ತೆ ಕೆನೆ. ಒಂದೊಂದು ಆಯುಧಪೂಜೆಯೂ ಪುಡಿಯಾಗಿ ನನ್ನ ಮಡಿಲಿಗೆ ಬೀಳುತ್ತಿತ್ತು, ಮಾವ ಮುಖ ಆಚೆ ತಿರುಗಿಸಿದ್ದರು. ಕೊನೆಗೆ ತಗಡು ಮಿಂಚಿತು. ಕಪ್ಪು ವೈರು ಬಿಗಿದೆ. ಮುಳ್ಳು ಎದ್ದು ಎಂಟುನೂರರ ಮೇಲೆ ನಿಂತಿತು. ಹಾರ್ನಿಗೂ ಬೆಚ್ಚಲಿಲ್ಲ, ಇಂಡಿಕೇಟರಿಗೂ ಕುಣಿಯಲಿಲ್ಲ. ನನ್ನ ಹಣೆಯ ಬಿಂದಿ ಕಿತ್ತು ಗಾಜಿನ ಮೇಲೆ ಎರಡೂವರೆ ಸಾವಿರದ ಹತ್ತಿರ ಅಂಟಿಸಿದೆ.

"ಮುಳ್ಳು ಇಲ್ಲಿಗೆ ಬಂದ್ರೆ ಗೇರ್ ಬದಲಾಯ್ಸಿ."

ಮರುದಿನ ವನಗೂರಿನ ಏರಿನಲ್ಲಿ ಮುಳ್ಳು ಬಿಂದಿ ಮುಟ್ಟಿದಾಗಲೆಲ್ಲ ಮಾವ ಗೇರು ಬದಲಾಯಿಸಿದರು. ಕಾರು ಕುದಿಯಲಿಲ್ಲ. ಹಿಂದಿನ ಸೀಟಿನಲ್ಲಿ ನಾನು ಉಗುರು ಕಚ್ಚುತ್ತ ಕೂತಿದ್ದೆ. ಒಂದು ತಿರುವಿನಲ್ಲಿ ಹಿಂದಿನಿಂದ ಜೀಪೊಂದು ಹಾರ್ನ್ ಹೊಡೆಯಿತು. ಮಾವನಿಗೆ ಕೇಳಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆ, ಕಿಟಕಿಯಾಚೆ ನೋಡುತ್ತಲೇ, ಎಡಗೈಯಲ್ಲಿದ್ದ ಹೂವಿನ ಬುಟ್ಟಿ ಕದಲಿಸದೆ, ಬಲಗೈಯಿಂದ ಮಾವನ ಮೊಣಕಾಲು ಮುಟ್ಟಿದರು. ಮಾವ ಗಾಡಿ ಎಡಕ್ಕೆ ತೆಗೆದು ದಾರಿ ಬಿಟ್ಟರು. ಹೊಸದಾಗಿ ಕಲಿತದ್ದಲ್ಲ ಅದು. ಕೈಗೂ ಕಾಲಿಗೂ ರೂಢಿಯಾಗಿತ್ತು. ಅತ್ತೆಗೆ ಮೊದಲಿಂದಲೂ ಗೊತ್ತಿತ್ತು!

ಮಾವನ ತಂಗಿಯ ಮನೆಯಂಗಳದಲ್ಲಿ ನೆಂಟರು ಕಾರಿನ ಸುತ್ತ ನಿಂತರು. ಎಂಜಿನ್ ಇನ್ನೂ ಓಡುತ್ತಿರುವಾಗಲೇ, ಮಾತಾಡುತ್ತ ಮಾವನ ಕೈ ಕೀ ಹತ್ತಿರ ಹೋಯಿತು. ಎಲ್ಲರೂ ಕರ್ರ್ ಎನ್ನುವುದನ್ನೇ ಕಾಯುತ್ತಿದ್ದರು. ಮಾವ ಮುಳ್ಳು ನೋಡಿದರು. ಎಂಟುನೂರು. ಕೈ ಹಿಂದಕ್ಕೆ ಬಂತು. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಗೆದ್ದವರಂತೆ ಅತ್ತೆಯ ಕಡೆ ನೋಡಿದರು.

"ಕೀ ನೀವೇ ಇಟ್ಕಳಿ" ಎಂದರು ಅತ್ತೆ, ಅವರ ಕಿವಿಗೆ ಬಾಯಿಟ್ಟು. "ಆದ್ರೆ ಬುಧವಾರ ಹಾಸನಕ್ಕೆ ಕಿವಿ ಡಾಕ್ಟ್ರ ಹತ್ರ ಹೋಗ್ಬೇಕು. ಅಲ್ಲಿಗಂಟ ಓಡ್ಸೋದು ಸೊಸೆ."

ಮಾವ ಸಿಕ್ಕಿಬಿದ್ದವರಂತೆ ನನ್ನನ್ನು ನೋಡಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿ, ಹತ್ತಿರ ಬಗ್ಗಿ ಹೇಳಿದೆ: "ಕಂಪನಿಯೋರು ಕೊಡದ್ದನ್ನ ನಾವೇ ತಂದು ಗಾಡಿಗೆ ಕೂರಿಸ್ಲಿಲ್ವಾ ಮಾವ? ಕಿವಿಗೂ ಹಂಗೇ ಒಂದು ಮಿಷನ್ ಸಿಗುತ್ತೆ."

ಮಾವ ಕೀ ಅಂಗೈಯಲ್ಲಿ ಹೊರಳಿಸಿದರು.

"ಹಂಗಾದ್ರೆ ಒಳಗೆ ನೀನೂ ಬರ್ಬೇಕು ಕಣವ್ವ" ಎಂದು ಕೀ ನನ್ನ ಕೈಗಿಟ್ಟರು. "ಆ ಡಾಕ್ಟ್ರು ಪೇಂಟ್ ಕೆರೀದೆ ಕೂರಿಸ್ಬುಟ್ರೆ ಏನ್ ಮಾಡೋದು?"