ಕಳುವಾಗದ ಕಬ್ಬಿಣಕ್ಕೆ ಪರವಾನಗಿ ಇಲ್ಲ

ಕಬ್ಬಿಣ ಕಳ್ಳತನವನ್ನು ಬೇರುಸಮೇತ ಕಿತ್ತೊಗೆಯುವ ಸಲುವಾಗಿ, ನಮ್ಮ ಪಂಪ್‌ಕಿನ್ ಬಾಟಮ್ ಪುರಸಭೆಯ ವ್ಯಾಪ್ತಿಯಲ್ಲಿ ಕದ್ದ ಕಬ್ಬಿಣವನ್ನು ಮಾತ್ರ ಬಳಸತಕ್ಕದ್ದೆಂಬ ನಿಯಮ ಜಾರಿಯಲ್ಲಿದೆ. ಜಮೈಕಾದ ಉಳಿದ ಊರಿನವರು ನಗುತ್ತಾರಂತೆ. ನಗಲಿ, ನಗುವುದಕ್ಕಿನ್ನೂ ಪರವಾನಗಿ ಬೇಕಾಗಿಲ್ಲ.

ಸೇತುವೆಯ ಕಂಬಿ, ಚರಂಡಿಯ ಮುಚ್ಚಳ, ಕೊನೆಗೆ ಸ್ಮಶಾನದ ಗೇಟೂ ಮಾಯವಾದಾಗ ಪುರಸಭೆ ಗುಜರಿ ಅಂಗಡಿಗಳಿಗೆಲ್ಲ ಬೀಗ ಜಡಿಯಿತು. ಎಲ್ಲಿಂದ ಬಂತೆಂದು ತೋರಿಸುವ ಮೂಲಪತ್ರವಿಲ್ಲದ ಲೋಹದಿಂದ ಯಾರೂ ಏನನ್ನೂ ಮಾಡಕೂಡದು ಎಂದು ಸಾರಿತು. ಹೊಸ ಕಬ್ಬಿಣಕ್ಕೆ ಅಂಗಡಿಯವರು ಕೊಡುವ ರಸೀದಿಯೇ ಮೂಲಪತ್ರ, ನಿಜ. ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಮಿಸ್ ಐಸಿಲ್ಡಾ ರಸ್ತೆ ವೃತ್ತದಲ್ಲಿ ಖಾರದ ಮಸಾಲೆ ಮೆತ್ತಿದ ಜರ್ಕ್ ಕೋಳಿ ಸುಟ್ಟು ಮಾರಿ ಬದುಕುವವಳು. ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಅವಳ ಒಲೆ ತುಕ್ಕು ಹಿಡಿದು ಉದುರಿಹೋಗಿತ್ತು. ಸ್ವಾತಂತ್ರ್ಯ ದಿನದ ಮಧ್ಯಾಹ್ನ ಹನ್ನೆರಡರೊಳಗೆ ಪತ್ರವಿರುವ ಹೊಸ ಒಲೆ ಹೂಡದಿದ್ದರೆ ಆ ಜಾಗ ಕೌನ್ಸಿಲರ್ ಸಾಹೇಬರ ತಂಗಿ ಮಗನ ಪಾಲು. ಬೆಸುಗೆ ಕೆಲಸ ಅವಳಿಗೇ ಬರುತ್ತಿತ್ತು. ಹಿತ್ತಲಲ್ಲಿ ಒಂದು ಡ್ರಮ್ಮೂ ಇತ್ತು, ಒಲೆಯ ಕಾಲಿಗೆ, ಸರಳಿಗೆ ಅಜ್ಜಿಯ ಕಬ್ಬಿಣದ ಮಂಚವೂ ಇತ್ತು. ಪತ್ರ ಮಾತ್ರ ಇರಲಿಲ್ಲ. ಲೋಹಾಧಿಕಾರಿ ಗ್ರಿಝಲ್ ಅವರ ಬಳಿ ಹೋದಳು.

"ಸಾರ್, ನಮ್ಮಜ್ಜಿ ಮಂಚ ಇದು. ಊರಿಗೇ ಗೊತ್ತು."

"ಊರಿಗೆ ಗೊತ್ತಿದ್ರೆ ಆಯ್ತೇನಮ್ಮ? ಯಾರಾದ್ರೂ ಕದ್ದಿದ್ರೆ ಈಗಲೇ ಪತ್ರ ಕೊಡ್ತಿದ್ದೆ. ಪೊಲೀಸ್ ದೂರಲ್ಲಿ ಎಲ್ಲಾ ಇರುತ್ತೆ, ಯಾರದ್ದು, ಎಷ್ಟುದ್ದ, ಎಲ್ಲಿತ್ತು ಅಂತ. ಕಳುವಾಗದ ಕಬ್ಬಿಣದ ವಿಷಯ ಸರ್ಕಾರಕ್ಕೆ ಹೇಗೆ ಗೊತ್ತಾಗ್ಬೇಕು?"

"ಅಂದ್ರೆ, ಮಂಚ ಕಳಕೊಂಡ್ರೆ ಮಂಚ ನಂದಾಗುತ್ತೆ?"

"ಈಗ ದಾರಿಗೆ ಬಂದ್ರಿ ನೋಡಿ."

ಐಸಿಲ್ಡಾ ನೇರ ಲೀಬರ್ಟನ ಮನೆಗೆ ನಡೆದಳು. ಊರಿನ ಕಬ್ಬಿಣ ಕಳ್ಳ ಅವನೇ. ಗುಜರಿ ಅಂಗಡಿ ಮುಚ್ಚಿದ ಮೇಲೆ ಪಾಪ, ಡಾಮಿನೋ ಆಡುತ್ತಾ ಕೂತಿದ್ದ.

"ಲೀಬರ್ಟ್, ನಮ್ಮನೇಲಿ ಸ್ವಲ್ಪ ಕದ್ಕೊಡ್ತೀಯೇನೋ?"

"ಅದೆಲ್ಲಾ ಬಿಟ್ಬಿಟ್ಟೆ ಆಂಟಿ. ಈಗ ಚರ್ಚಿಗೆ ಹೋಗ್ತಿದೀನಿ."

"ನಿಮ್ಮ ಪಾಸ್ಟರೂ ಚರ್ಚಿನ ಮುರುಕು ಬೆಂಚು ಕದಿಯೋರು ಸಿಗ್ತಾರಾ ಅಂತ ಕೇಳ್ತಿದ್ರು ಕಣೋ. ಏಳು, ಏಳು!"

ಲೀಬರ್ಟ್ ಮಂಚ, ಡ್ರಮ್ಮು ಎರಡನ್ನೂ ಹೊತ್ತುಕೊಂಡು ಹೋದ. ಐಸಿಲ್ಡಾ ದೂರು ಕೊಟ್ಟಳು. ಪೊಲೀಸರು ಅವನ ಅಂಗಳದಿಂದ ಮಾಲು ವಶಪಡಿಸಿಕೊಂಡರು. ಪುರಸಭೆ ಅದನ್ನು ಪತ್ರಸಮೇತ ಚಿಲ್ಲರೆ ಕಾಸಿಗೆ ಅವಳಿಗೇ ಮಾರಿತು.

ಆಮೇಲೆ ಕೇಳಬೇಕೇ! ಕಿಟಕಿಗೆ ಸರಳು ಬೇಕಾದವರು, ಕೋಳಿಗೂಡು ಕಟ್ಟುವವರು, ಎಲ್ಲರೂ ಲೀಬರ್ಟನ ಬಾಗಿಲಲ್ಲಿ. ಪುರಸಭೆ ಅವನನ್ನು ಕದ್ದು ಪತ್ರ ಹುಟ್ಟಿಸುವ ಮೂಲನಿರ್ಮಾಣ ಅಧಿಕಾರಿಯಾಗಿ ನೇಮಿಸಿ, ಕುರ್ಚಿ, ಫ್ಯಾನು ಕೊಟ್ಟಿತು. ಬೇಕಾದವರ ಮನೆಗಷ್ಟೇ ಕನ್ನ ಹಾಕುತ್ತಾನೆಂದು ದೂರು ಬಂದಾಗ ಪ್ರಕಟಣೆಯೂ ಹೊರಟಿತು: "ಸಾರ್ವಜನಿಕರು ಕಳ್ಳರಿಗೆ ಲಂಚ ಕೊಡಬಾರದು. ಅದು ಅಪರಾಧ."

ಸ್ವಾತಂತ್ರ್ಯ ದಿನ ಬಂತು. ವೃತ್ತದಲ್ಲಿ ಐಸಿಲ್ಡಾಳ ಹೊಸ ಒಲೆ ಹೊಗೆಯಾಡುತ್ತಿತ್ತು. ಎದುರುಗಡೆ ಕೌನ್ಸಿಲರ್ ಸಾಹೇಬರ ತಂಗಿ ಮಗ ಅಂಗಡಿಯಿಂದ ತಂದ ಪಳಪಳ ಹೊಳೆಯುವ ಒಲೆ ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದ. ಗ್ರಿಝಲ್ ಬಂದರು, ಒಂದು ಕೋಳಿ ತೊಡೆ ಕಚ್ಚಿದರು, ಒಲೆಗೆ ಒಂದು ಸುತ್ತು ಹಾಕಿದರು.

"ಮಂಚಕ್ಕೆ ಪತ್ರ ಇದೆ, ಡ್ರಮ್ಮಿಗೆ ಪತ್ರ ಇದೆ. ಒಲೆಗೆಲ್ಲಿ? ಇದನ್ನ ಯಾರೂ ಕದ್ದೇ ಇಲ್ಲವಲ್ಲಮ್ಮ!"

ಐಸಿಲ್ಡಾಳಿಗೆ ಅಳು ಬಂದುಬಿಟ್ಟಿತು. "ಲೀಬರ್ಟ್, ಬಾರೋ ಮಗನೇ!"

"ಇವತ್ತು ಸರ್ಕಾರಿ ರಜ, ಆಂಟಿ," ಎಂದ ಲೀಬರ್ಟ್ ಸಂಕಟದಿಂದ. "ರಜೆ ದಿನ ಕದ್ರೆ ನನ್ನ ನೌಕರಿ ಹೋಗುತ್ತೆ."

ಮಧ್ಯಾಹ್ನಕ್ಕೆ ಇನ್ನೇನು ಸ್ವಲ್ಪ ಹೊತ್ತು. ಕೋಳಿಗಾಗಿ ಸಾಲಿನಲ್ಲಿ ನಿಂತಿದ್ದ ಪಾಸ್ಟರು ಟೋಪಿ ತೆಗೆದು ಪಕ್ಕಕ್ಕಿಟ್ಟರು. "ನೋಡ್ತಾ ನಿಂತಿದೀರಲ್ಲ, ನಾಚಿಕೆ ಆಗಲ್ವಾ? ಹಿಡೀರಿ ಒಂದೊಂದು ಕಡೆ!"

ಟೀಚರಮ್ಮ, ನರ್ಸಮ್ಮ, ಬಸ್ ಡ್ರೈವರು, ನಾನು, ಎಲ್ಲ ಸೇರಿ ಒಲೆಯನ್ನು ಬೆಂಕಿ, ಕೋಳಿ ಸಮೇತ ಎತ್ತಿ ರಸ್ತೆಯಾಚೆಗೆ ಕದ್ದೊಯ್ದೆವು. ಒಲೆಯ ಒಂದು ಕಾಲಿಗೆ ಜನ ಸಾಲದೆ ಕಾನ್‌ಸ್ಟೇಬಲ್ಲೂ ಕೈಹಾಕಿದ. ಅಲ್ಲೇ ಮಾಲು ವಶಪಡಿಸಿಕೊಂಡು, ಕೈಗೆ ಮೆತ್ತಿದ್ದ ಮಸಾಲೆ ಒರೆಸಿಕೊಂಡು, ದೂರು ಬರೆಯಲು ಕೂತ.

"ಕಳ್ಳರ ಹೆಸರು?"

"ಊರವರು ಅಂತ ಬರೀರಿ," ಎಂದಳು ಐಸಿಲ್ಡಾ.

ಕಾನ್‌ಸ್ಟೇಬಲ್ ಮೊದಲು ತನ್ನ ಹೆಸರನ್ನೇ ಬರೆದ. ಗ್ರಿಝಲ್ ಪುರಸಭೆಯ ಪರವಾಗಿ ಒಲೆಯನ್ನು ಎರಡು ತೊಡೆಗೆ ಅವಳಿಗೇ ಮಾರಿ ಮುದ್ರೆ ಒತ್ತಿದರು. ಹನ್ನೆರಡು ಹೊಡೆಯಿತು.

ಐಸಿಲ್ಡಾ ಕಣ್ಣೊರೆಸಿಕೊಂಡು ಇಕ್ಕಳ ಎತ್ತಿದಳು. "ನೂಕಬೇಡಿ, ನೂಕಬೇಡಿ! ಕಳ್ಳರೆಲ್ಲ ಸಾಲಾಗಿ ನಿಲ್ಲಿ."

ನಾವು ಸಾಲಾಗಿ ನಿಂತೆವು.